ಕರಿಯಪ್ಪನವರ ಮಂಡಕ್ಕಿ ಸೀಲಿಂಗು

"ಕಿತ್ತಿದ್ದನ್ನ ಎಲ್ಲಿ ಹಾಕೋದು ಸಾರ್?"

ಗಾರೆ ಕೆಲಸದ ಕರಿಯಪ್ಪನವರು ಹೀಗೆ ಕೇಳಿದರು. ಅದಕ್ಕೆ ಮುಂಚೆ ಅರ್ಧ ಗಂಟೆ ನಾನು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ವಿಷಯವಾಗಿ ಓದಿದ್ದನ್ನೆಲ್ಲ ಹೇಳಿದ್ದೆ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಉಸಿರಿನೊಡನೆ ಒಳಗೆ ಹೋದರೆ ದಶಕಗಟ್ಟಲೆ ಕರಗದೆ ಉಳಿದು ಕ್ಯಾನ್ಸರ್ ತರಬಲ್ಲದು ಎಂದೆಲ್ಲ. ಅದನ್ನು ತರೀಕೆರೆಯಲ್ಲಿ ಎಲ್ಲಿ ಸುರಿಯಬೇಕೆಂಬುದು ಮಾತ್ರ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕರಿಯಪ್ಪನವರು ಚೌಳಹಿರಿಯೂರಿನವರು. ಎರಡೂವರೆ ಎಕರೆ ಖುಷ್ಕಿ ಜಮೀನು, ಸ್ವಲ್ಪ ತೆಂಗು, ಉಳಿದಂತೆ ಕರಣೆಯನ್ನೇ ನಂಬಿದ ಬದುಕು. ತೊಂಬತ್ತೊಂದರ ಸುಮಾರಿಗೆ ಹೊರಜಿಲ್ಲೆಯ ಚಿತ್ರಮಂದಿರವೊಂದರ ಕೆಲಸಕ್ಕೆ ಹೋದಾಗ, ಶಬ್ದ ಮಾರ್ದನಿಸದಂತೆ ಸೀಲಿಂಗಿಗೆ ಒಂದು ಪುಡಿಯನ್ನು ಕಲಸಿ ಯಂತ್ರದಿಂದ ಚಿಮ್ಮಿಸುವುದನ್ನು ಕಲಿತರು. ಕೆಲಸ ಮುಗಿದ ಮೇಲೆ ಹಳೆಯ ಯಂತ್ರವೂ ಉಳಿದ ಚೀಲಗಳೂ ಅವರ ಪಾಲಿಗೆ ಬಂದವು. ಚೀಲದ ಮೇಲೆ ಒಳಗೇನಿದೆ ಎಂದು ಬರೆದಿರಲಿಲ್ಲ. ತರೀಕೆರೆ, ಕಡೂರು, ಅಜ್ಜಂಪುರಗಳ ಆರು ವರ್ತಕರ ಮನೆಗಳಲ್ಲಿ ತಲಾ ಒಂದು ಕೋಣೆಗೆ ಅವರು ಅದನ್ನು ಮೆತ್ತಿದರು. ಒಣಗಿದಾಗ ಮೇಲೆಲ್ಲ ಮಂಡಕ್ಕಿ ಅಂಟಿಸಿದಂತೆ ಕಾಣುತ್ತಿತ್ತು. ಜನ ಅದನ್ನು ಮಂಡಕ್ಕಿ ಸೀಲಿಂಗು ಎಂದೇ ಕರೆದರು.

ಆ ಆರರಲ್ಲಿ ಒಂದು ನನ್ನ ಪಕ್ಕದ ಮನೆಯ ಗುರುಶಾಂತಮ್ಮನವರದು. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಅವರ ಮಗಳು ಕೋಮಲಾ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆ ಗೊತ್ತುಮಾಡಿದ್ದ ಕೋಣೆಯಲ್ಲಿ ಮಂಡಕ್ಕಿ ಉದುರುತ್ತಿತ್ತು. ಬಣ್ಣ ಹೊಡೆಸಲೆಂದು ಅವರು ಕರಿಯಪ್ಪನವರನ್ನು ಕರೆಸಿದರು. ಇಂಥ ಸೀಲಿಂಗಿಗೆ ಕಲ್ನಾರು ಬೆರೆಸುತ್ತಿದ್ದರೆಂದು ಓದಿದ್ದ ನನಗೆ ಅನುಮಾನ ಬಂದು, ಒಂದು ಚೂರನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಕಲ್ನಾರು ಇದೆ, ನೂರರಲ್ಲಿ ನಾಲ್ಕು ಪಾಲು ಎಂದು ವರದಿ ಬಂತು.

ನಾನು ಓದಿದ್ದಂತೆ ಸಲಹೆ ಕೊಟ್ಟೆ: ಕೀಳುವುದಕ್ಕಿಂತ ಮುಟ್ಟದೆ ಬಿಡುವುದೇ ಕ್ಷೇಮ.

"ಮುಟ್ಟದೆ ಹೆಂಗ್ರೀ ಬಿಡೋದು?" ಎಂದರು ಗುರುಶಾಂತಮ್ಮ. "ವರ್ಷಾ ಯುಗಾದಿಗೆ ಧೂಳು ಹೊಡೀಬೇಡ್ವಾ?"

ಮೂಲೆಯಲ್ಲಿ ಬಿದಿರು ಗಳುವಿನ ತುದಿಗೆ ಕಟ್ಟಿದ ಪೊರಕೆ ನಿಂತಿತ್ತು. ಮೂವತ್ತು ಯುಗಾದಿಗಳಲ್ಲಿ ಆ ಪೊರಕೆ ಆ ಸೀಲಿಂಗನ್ನು ಬಡಿದಿತ್ತು. ನಾನು ಓದಿದ ಸಲಹೆಯನ್ನು ಬರೆದವರ ಮನೆಗಳಲ್ಲಿ ಬಹುಶಃ ಇಂಥ ಗಳು ಇರಲಿಲ್ಲ. ನನ್ನ ವಾದ ಅಲ್ಲಿಗೆ ಮುಗಿಯಿತು.

ಗುರುಶಾಂತಮ್ಮನವರ ಮಗ ಓಂಕಾರೇಶನಿಗೆ ಅವಸರ. "ನಾಕು ಆಳು ಬಿಟ್ರೆ ಒಂದೇ ದಿನ್ದಲ್ಲಿ ಕೆರೆದಾಕ್ತಾರೆ ಕಣಮ್ಮ."

ಕರಿಯಪ್ಪನವರು ನೆಲಕ್ಕೆ ಉದುರಿದ ಚೂರುಗಳನ್ನೇ ನೋಡುತ್ತಿದ್ದರು. ಈಗ ತಲೆ ಎತ್ತಿದರು. "ಒಣಗಿದ್ದನ್ನ ಕೆರೆದ್ರೆ ಮನೆಯೆಲ್ಲಾ ತುಂಬ್ಕೊಳ್ತದೆ ಕಣಪ್ಪ. ನಿಮ್ ತಲೆ ಮೇಲೆ ಮೆತ್ತಿದೋನು ನಾನು. ಕೀಳೋನೂ ನಾನೇ." ಆಮೇಲೆ ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು. ಪುರಸಭೆಯಲ್ಲಿ ವಿಚಾರಿಸಿ ಬಂದೆ. ಅಲ್ಲಿ ಸಿಕ್ಕವರು ಕಸದ ಗಾಡಿಗೆ ಹಾಕಿ ಎಂದರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೆಲಸ ಎಂಟು ದಿನ ಹಿಡಿಯಿತು. ಕಿಟಕಿ ಬಾಗಿಲುಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮುಖಕ್ಕೆ ನಾನು ತರಿಸಿಕೊಟ್ಟ, ಗಾಳಿ ಸೋಸುವ ಡಬ್ಬಿಯ ಮಾಸ್ಕು ಬಿಗಿದು, ತೋಟಕ್ಕೆ ಔಷಧಿ ಹೊಡೆಯುವಂಥದೇ ಹೊಸದೊಂದು ಸ್ಪ್ರೇಯರನ್ನು ಬೆನ್ನಿಗೇರಿಸಿ, ಸೋಪು ಬೆರೆಸಿದ ನೀರನ್ನು ಸೀಲಿಂಗಿಗೆ ಚಿಮುಕಿಸುತ್ತಿದ್ದರು. ಅದು ಚೆನ್ನಾಗಿ ನೆನೆಯುವವರೆಗೆ ಕಾದು ಅಂಗೈಯಗಲ, ಅಂಗೈಯಗಲವಾಗಿ ಕೆರೆಯುತ್ತಿದ್ದರು.

ಗುರುಶಾಂತಮ್ಮ ಹೊರಗಿನಿಂದಲೇ ಕೂಗುವರು: "ಹಾಕೋವಾಗ ಮೂರ್ ದಿನ, ಕೀಳೋಕೆ ಎಂಟ್ ದಿನವೇನಪ್ಪಾ? ಹೆರಿಗೆ ನಿನ್ನ ನೀರು ಇಳಿಯೋಗಂಟ ಕಾಯ್ತದಾ?"

"ಕಾಯ್ತದೆ ಕಣಕ್ಕ. ಮಗೀಗೆ ನಿಮ್ಮಷ್ಟು ಅವಸರ ಇರಲ್ಲ."

ಕೊನೆಯ ದಿನ ಒದ್ದೆ ಬಟ್ಟೆಯಿಂದ ಗೋಡೆ, ನೆಲಗಳನ್ನೆಲ್ಲ ಒರೆಸಿ, ಕೆರೆದ ಮಂಡಕ್ಕಿಯ ಜೊತೆಗೆ ಆ ಬಟ್ಟೆಯನ್ನೂ ಹಾಳೆಯನ್ನೂ ಚೀಲಕ್ಕೆ ತುಂಬಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಕಟ್ಟಿದರು. ಎಲ್ಲವನ್ನೂ ಲಗೇಜ್ ಆಟೋಗೆ ಹೇರುವಾಗ, ಎಲ್ಲಿಗೆ ಒಯ್ಯುತ್ತೀರಿ ಎಂದೆ.

"ನಾ ಕೇಳ್ದಾಗ ನೀವು ಹೇಳ್ಲಿಲ್ಲ. ಈಗ ನಾನೂ ಹೇಳಲ್ಲ, ಬಿಡಿ ಸಾರ್" ಎಂದು ನಕ್ಕರು.

ಯಾವುದೋ ಕೆರೆ ಏರಿಯ ಪಕ್ಕ ಸುರಿದಿರಬೇಕೆಂದುಕೊಂಡೆ. ಅನುಮಾನಿಸುವುದು ನನ್ನ ಹಳೆಯ ಅಭ್ಯಾಸ. ಈ ಅನುಮಾನ ಮಾತ್ರ ಬಹಳ ದಿನ ಕಾಡಿತು. ಮನೆಯೊಳಗಿನ ಧೂಳು ಊರಿನ ನೀರಿಗೋ ಗಾಳಿಗೋ ಸೇರಿದ್ದರೆ, ಆ ಎಂಟು ದಿನದ ಶ್ರಮದಿಂದ ಆದದ್ದಾದರೂ ಏನು?

ಕೋಮಲಾ ಬಂದಳು, ಹೆಣ್ಣುಮಗು ಹುಟ್ಟಿತು. ಮುಂದಿನ ಯುಗಾದಿಗೆ ಗುರುಶಾಂತಮ್ಮ ಗಳುವೆತ್ತಿ ಹೊಡೆದಾಗ ಜೇಡರ ಬಲೆಯ ಹೊರತು ಏನೂ ಉದುರಲಿಲ್ಲ. ಕರಿಯಪ್ಪನವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ತಾವು ಮೆತ್ತಿದ ಉಳಿದ ಮನೆಗಳಿಗೂ ತಾವೇ ಹೋಗಿ, ಕಾರಣ ಹೇಳಿ, ಒಪ್ಪಿಸಿ ಕಿತ್ತರು. ಅಜ್ಜಂಪುರದ ಒಂದು ಮನೆಯನ್ನು ಮಾತ್ರ ಅವರು ತಲುಪುವ ಮುನ್ನವೇ ಜೆಸಿಬಿ ಕೆಡವಿತ್ತು. ಆ ದಿನ ಅವರು ಊಟ ಮುಟ್ಟಲಿಲ್ಲವೆಂದು ಅವರ ಹೆಂಡತಿ ಜಯಲಕ್ಷ್ಮಮ್ಮ ಹೇಳಿದರು.

ಎರಡು ವರ್ಷದ ಬಳಿಕ ಒಮ್ಮೆ ಅವರ ಹೊಲಕ್ಕೆ ಹೋಗಿದ್ದೆ. ಬಾವಿಯಿಂದ ದೂರ, ದಿಬ್ಬದ ಮೇಲೆ, ನುಣ್ಣಗೆ ಗಾರೆ ಬಳಿದ ಒಂದು ಚೌಕ ಕಟ್ಟೆ. ಸುತ್ತ ಎಲ್ಲೂ ಮರವಿಲ್ಲ. ಬಿಸಿಲಲ್ಲೇ ಕುಳಿತು ಎಳನೀರು ಕುಡಿದೆವು.

"ಮರವಿಲ್ಲದ ಕಟ್ಟೆ ಯಾರು ಕಟ್ಟುತ್ತಾರೆ ಕರಿಯಪ್ಪನವರೇ? ಒಂದು ಹೊಂಗೆಯನ್ನಾದರೂ ನೆಡಬಾರದೇ?"

"ಬೇರು ಇಳಿದ್ರೆ ಕಟ್ಟೆ ಬಿರುಕು ಬಿಡ್ತದೆ ಸಾರ್" ಎಂದರು. ಗಾರೆಯವರ ಸಹಜ ಕಾಳಜಿಯೆಂದುಕೊಂಡೆ.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಧೂಳಿಗೂ ಆ ಸಾವಿಗೂ ನಂಟು ಕಟ್ಟಲು ಯಾವ ಆಧಾರವೂ ಇಲ್ಲ. ನಾನು ಕಟ್ಟುವುದೂ ಇಲ್ಲ. ತಿಥಿ ಕಳೆದ ಮೇಲೆ ಮಗ ಹೊನ್ನೇಶ್ ದಿಬ್ಬದ ಮೇಲೂ ತೆಂಗಿನ ಸಸಿ ಇಡಬೇಕೆಂದು ಕಟ್ಟೆ ಒಡೆಯಲು ಸುತ್ತಿಗೆ ತಂದ. ಜಯಲಕ್ಷ್ಮಮ್ಮ ಹೋಗಿ ಅದರ ಮೇಲೆ ಕುಳಿತುಬಿಟ್ಟರಂತೆ.

"ಇದನ್ನ ಮುಟ್ಬೇಡ ಕಣೋ. ಯಾರ್ಗೂ ಹೇಳ್ಬೇಡ ಅಂದಿದ್ರು ನಿಮ್ಮಪ್ಪ. ಇದರಡಿ ಆಳುದ್ದ ಗುಂಡಿ ಐತೆ. ಐದೂ ಮನೆ ಮಂಡಕ್ಕಿ, ಚೀಲದ ಸಮೇತ, ಕಾಂಕ್ರೀಟ್ ಒಳಗೆ ಐತೆ."