ಚುಕ್ಕಿ ಅಂಟಿದ ಅಕ್ಷರ

ಆಸ್ಪತ್ರೆಯ ದಾಖಲೆ ಕೋಣೆಯ ಟೈಪಿಸ್ಟಳನ್ನು ಎಲ್ಲರೂ ‘ತಪ್ಪಿಲ್ಲದಕ್ಕ’ ಎನ್ನುತ್ತಿದ್ದರು. ಅವಳ ಕೈ ದಾಟಿದ ಹೆಸರಲ್ಲಿ ಒಂದು ದೀರ್ಘವೂ ಏರುಪೇರಾಗುತ್ತಿರಲಿಲ್ಲ. ಬಂಗಾಳಿ ಅವಳ ಅತ್ತೆಯ ಮನೆಮಾತು. ಮದುವೆಯಾದ ಹೊಸತರಲ್ಲಿ ಅತ್ತೆಯ ಪಕ್ಕ ಕೂತು ಓದುಬರಹ ಕಲಿತಿದ್ದಳು. ಹಾಗಾಗಿ ಬಂಗಾಳಿ ಲಿಪಿಯಲ್ಲೇ ದಾಖಲಾಗುವ ಹೆಸರುಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. “ಅತ್ತೆ ಬೈಗುಳ ದಂಡವಾಗ್ಲಿಲ್ಲ ನೋಡಿ,” ಎಂದು ನಗುತ್ತಿದ್ದಳು.

ಅವಳ ಕಿಟಕಿಗೆ ಒಬ್ಬ ಬಂಗಾಳಿ ದರ್ಜಿ ಬರುತ್ತಿದ್ದ. ಅಪ್ಪ ತೀರಿಕೊಂಡಾಗ ಜಗಳವಾಡಿ ಮನೆ ಬಿಟ್ಟ ತಂಗಿಯನ್ನು ಹುಡುಕುತ್ತಿದ್ದ. ಅವಳನ್ನು ಈ ಆಸ್ಪತ್ರೆಗೆ ಸೇರಿಸಿದ್ದರೆಂದು ಯಾರೋ ಹೇಳಿದ್ದರಂತೆ. ಚೀಟಿಯಲ್ಲಿ ಬಂಗಾಳಿಯಲ್ಲೇ ಹೆಸರು ಬರೆದು ಕೊಡುತ್ತಿದ್ದ. ಇವಳು ಟೈಪ್ ಮಾಡಿ ಹುಡುಕುತ್ತಿದ್ದಳು. ಪರದೆ ಖಾಲಿ.

“ಆ ಹೆಸರಿನವರು ಯಾರೂ ಇಲ್ಲಪ್ಪ.”

ಎರಡು ವರ್ಷದಲ್ಲಿ ಏಳು ಸಲ ಹೀಗೆ ಹೇಳಿದ್ದಳು.

ಒಂದು ಮಧ್ಯಾಹ್ನ ಬೇರೊಬ್ಬ ರೋಗಿಯ ಹಳೆಯ ದಾಖಲೆ ತಿದ್ದುತ್ತಿದ್ದಳು. ಅದನ್ನು ಟೈಪ್ ಮಾಡಿದ್ದು ಅವಳಿಗಿಂತ ಮೊದಲಿದ್ದ ಗುಮಾಸ್ತ. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದಳು. ಬಂಗಾಳಿ ‘ಯ’ ಅಕ್ಷರ ಹೋಗಲಿಲ್ಲ, ಅದರಡಿಯ ಚುಕ್ಕಿ ಮಾತ್ರ ಹೋಯಿತು. ತಾನು ಟೈಪ್ ಮಾಡಿದ್ದ ಹೆಸರಿನಲ್ಲಿ ಒತ್ತಿ ನೋಡಿದಳು. ಅಲ್ಲಿ ಅಕ್ಷರ, ಚುಕ್ಕಿ ಎರಡೂ ಒಟ್ಟಿಗೇ ಮಾಯ.

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. “ಕಂಪ್ಯೂಟರೊಳಗೆ ಚುಕ್ಕಿ ಇರೋ ‘ಯ’ಕ್ಕೆ ಅದರದ್ದೇ ಒಂದು ಸಂಖ್ಯೆ ಇದೆ ಅಕ್ಕ,” ಎಂದ ಅವನು. “ಚುಕ್ಕಿ ಇಲ್ಲದ್ದಕ್ಕೆ ಬೇರೆ ಸಂಖ್ಯೆ, ಬರೀ ಚುಕ್ಕಿಗೆ ಇನ್ನೊಂದು. ಹಳಬರು ಅಕ್ಷರ ಹೊಡೆದು ಆಮೇಲೆ ಚುಕ್ಕಿ ಅಂಟಿಸಿದಾರೆ. ನೀವು ಒಂದೇ ಏಟಿಗೆ ಹೊಡೀತೀರಿ. ನೋಡೋಕೆ ಎರಡೂ ಒಂದೇ. ಆದ್ರೆ ನಮ್ಮ ಈ ಹಳೇ ಪ್ರೋಗ್ರಾಮ್ ಸಂಖ್ಯೆ ಮಾತ್ರ ನೋಡತ್ತೆ.”

“ಅಂದ್ರೆ ಹುಡುಕಿದ್ರೂ ಸಿಗಲ್ವಾ?”

“ಸಿಗಲ್ಲ.”

ದರ್ಜಿಯ ತಂಗಿಯ ಹೆಸರಲ್ಲಿ ಆ ಅಕ್ಷರವಿತ್ತು. ಮೊದಲು ಅಕ್ಷರ, ಆಮೇಲೆ ಚುಕ್ಕಿ ಎಂದು ಎರಡೇಟಿನಲ್ಲಿ ಹೊಡೆದಳು. ಒಂದು ಸಾಲು ಬಂತು. ಊರು, ವಯಸ್ಸು, ತಂದೆಯ ಹೆಸರು ಎಲ್ಲ ತಾಳೆಯಾದವು. ಐದು ವರ್ಷದ ಹಿಂದೆಯೇ ಸಾವು. ಜೊತೆಗಿದ್ದವರು: ಮಗಳು.

ಅವನು ಬಂದಾಗ ಒಳಗೆ ಕರೆದು ಕುರ್ಚಿ ಹಾಕಿದಳು. ಕುರ್ಚಿ ಕಂಡೇ ಅವನ ಮುಖ ಇಳಿಯಿತು.

“ಹೆಸರು ಇಲ್ಲೇ ಇತ್ತಣ್ಣ. ಹುಡುಕಿದ್ದು ನಾನು, ಕಾಣದೇ ಹೋದದ್ದೂ ನನಗೇ. ತಪ್ಪಾಯ್ತು.” ಉಳಿದದ್ದನ್ನೂ ಹೇಳಿದಳು.

ಅವನು ಕೈಯಲ್ಲಿದ್ದ ಚೀಟಿ ಮಡಚಿ ಜೇಬಿಗೆ ಹಾಕಿದ. ಆಮೇಲೆ, “ನೀವು ಇಲ್ಲ ಅಂದಾಗೆಲ್ಲ ಬದುಕಿದಾಳೆ ಅಂತಲೇ ಅಂದ್ಕೊಂಡೆ. ಆ ದಿನ ಮನೇಲಿ ಹೊಟ್ಟೆ ತುಂಬ ಉಣ್ತಿದ್ದೆ,” ಎಂದ.

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

ಮೇಲಧಿಕಾರಿಯ ಒಪ್ಪಿಗೆ ಪಡೆದು ತಂಗಿಯ ಮಗಳಿಗೆ ತಾನೇ ಪತ್ರ ಬರೆದಳು. ಉತ್ತರ ಬರಲು ಕಾಯುತ್ತ, ಹಳೆಯ ಅರ್ಜಿಗಳ ಕಟ್ಟು ಬಿಚ್ಚಿದಳು. ಯಾರಿಗೆಲ್ಲ ಇಲ್ಲವೆಂದು ಹೇಳಿದ್ದಳೋ ಆ ಹೆಸರುಗಳನ್ನು ಎರಡೂ ಬಗೆಯಲ್ಲಿ ಹುಡುಕಿದಳು. ಇನ್ನೂ ಆರು ಸಿಕ್ಕವು. ಆರು ಮನೆಗಳಿಗೂ ಬರೆದಳು. ಮೂರು ಪತ್ರ ವಿಳಾಸ ತಪ್ಪಿ ಹಿಂದಿರುಗಿದವು.

ತಂಗಿಯ ಮಗಳ ಉತ್ತರ ಎರಡನೇ ತಿಂಗಳಿಗೆ ಬಂತು: “ಮಾವನಿಗೆ ಬರೋಕೆ ಹೇಳಿ. ಅಮ್ಮನ ಮೇಲೆ ಕೋಪ ಇದ್ರೆ ಬೇಡ.”

ದರ್ಜಿ ಮರುದಿನವೇ ಅಂಗಡಿಗೆ ಬೀಗ ಹಾಕಿ ಹೊರಟ.