ಒಂದು ದಿನದ ಸುಳ್ಳು ಹೇಳುವ ಪಟ್ಟಿಯಮ್ಮ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ತೊಳೆದು ಬೋರಲು ಹಾಕಿದ ಲೋಟಗಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಹೆಂಗಸಿನ ಮುಂದೆ ನಲವತ್ತೆರಡು ಪುಟಗಳ ಅನುದಾನ ಪ್ರಕಟಣೆಯೊಂದು ತೆರೆದಿದೆ. ಅವರು ಮೊದಲ ಪುಟದ ಬಣ್ಣದ ಚಿತ್ರವನ್ನಾಗಲಿ, ಅಧ್ಯಕ್ಷರ ಸಂದೇಶವನ್ನಾಗಲಿ ಕಣ್ಣೆತ್ತಿ ನೋಡುವುದಿಲ್ಲ. ಸೀದಾ ಕೊನೆಯ ಪುಟಕ್ಕೆ ಇಳಿದು, ಅಲ್ಲಿಂದ ಹಿಂದಕ್ಕೆ ಓದುತ್ತಾ ಬರುತ್ತಾರೆ.

"ಯಾರಿಗೆ ಕೊಡಲ್ಲ ಅನ್ನೋದನ್ನ ಮೊದಲು ಓದ್ಬೇಕು. ಕೊಡ್ತೀವಿ ಅನ್ನೋವಾಗ ಎಲ್ಲರೂ ಧಾರಾಳಿಗಳೇ. ಕೊಡಲ್ಲ ಅನ್ನೋವಾಗ್ಲೇ ಮನಸಲ್ಲಿರೋದು ಹೊರಗೆ ಬರೋದು" ಎನ್ನುತ್ತಾರೆ. ಎರಡು ನಿಮಿಷದಲ್ಲಿ ಆ ಪ್ರಕಟಣೆಯ ಹಣೆಬರಹ ತೀರ್ಮಾನವಾಗುತ್ತದೆ. ನಲವತ್ತು ವರ್ಷ ದಾಟಿದವರಿಗೆ ಇಲ್ಲ, ಸ್ವಂತ ಪ್ರಯೋಗಾಲಯ ಇಲ್ಲದವರಿಗೆ ಇಲ್ಲ, ಊರಿಗೆಲ್ಲ ಹಬ್ಬಿದ ಈ ಸೋಂಕಿಗೆ ಸಂಬಂಧಪಡದ ಯಾವ ವಿಷಯಕ್ಕೂ ಇಲ್ಲ. ಅವರು ಪಕ್ಕದ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಮುಂದಿನದಕ್ಕೆ ಹೋಗುತ್ತಾರೆ.

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಅವರು ಗುಮಾಸ್ತೆ. ವಯಸ್ಸು ಐವತ್ತೊಂಬತ್ತು, ಸೇವೆ ಮೂವತ್ತನಾಲ್ಕು ವರ್ಷ. ಯಾವ ಸಂಸ್ಥೆ, ಯಾವ ಇಲಾಖೆ, ಯಾವ ದತ್ತಿನಿಧಿ ಯಾವ ಸಂಶೋಧನೆಗೆ ನೆರವು ಕೊಡುತ್ತಿದೆ ಎಂದು ಜಾಲಾಡಿ ಪ್ರತಿ ಸೋಮವಾರ ಪಟ್ಟಿ ಮಾಡಿ ಹಂಚುವುದು ಅವರ ಕೆಲಸ. ಹಾಗಾಗಿ ಕುಲಪತಿಗಳಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರಿಗೂ ಅವರು 'ಪಟ್ಟಿಯಮ್ಮ'. ಓದಿದ್ದು ಹತ್ತನೇ ತರಗತಿ, ಮೇಲೆ ಟೈಪಿಂಗ್. ತಮ್ಮ ಪಟ್ಟಿಯಿಂದ ಎಷ್ಟು ಜನ ಡಾಕ್ಟರೇಟ್ ಪಡೆದರು ಎಂಬ ಲೆಕ್ಕ ಅವರ ಬಳಿ ಇಲ್ಲ. "ಅದನ್ನ ಎಣಿಸ್ತಾ ಕೂತ್ರೆ ಪಟ್ಟಿ ಯಾರು ಮಾಡೋದು?" ಎಂದು ಮರುಪ್ರಶ್ನೆ ಹಾಕುತ್ತಾರೆ.

ಸೋಂಕು ಬಂದು ಕಚೇರಿಗೆ ಬೀಗ ಬಿದ್ದ ದಿನದಿಂದ ಈ ಮೇಜೇ ಕಚೇರಿ. ದಿನಕ್ಕೆ ಅರವತ್ಮೂರು ಜಾಲತಾಣಗಳನ್ನು ನೋಡುತ್ತಾರೆ. ಮೂವತ್ತರಿಂದ ನಲವತ್ತು ಪ್ರಕಟಣೆಗಳು ಕಣ್ಣಿಗೆ ಬಿದ್ದರೆ ಐದೋ ಆರೋ ಉಪಯೋಗಕ್ಕೆ ಬರುತ್ತವೆ. ಕೆಲವು ದಿನ ಒಂದೂ ಇಲ್ಲ. ನಿವೃತ್ತ ಬಸ್ ಡ್ರೈವರ್ ಆದ ಗಂಡ ಆರು ಗಂಟೆಗೆ ಎದ್ದು ಬಂದು ಚಹಾ ಇಡುತ್ತಾರೆ. "ಊರಿಗೆಲ್ಲ ಅನುದಾನ ಹುಡುಕ್ತಾಳೆ. ಈ ಮನೆ ಮಿಕ್ಸಿ ಕೆಟ್ಟು ಎರಡು ತಿಂಗಳಾಯ್ತು, ಅದಕ್ಕೊಂದು ಹುಡುಕಮ್ಮ ಅಂದ್ರೆ ಕೇಳಲ್ಲ" ಎಂದು ದೂರುತ್ತಾರೆ. ಹೆಂಡತಿ ತಲೆಯೆತ್ತದೆ ಉತ್ತರ ಕೊಡುತ್ತಾರೆ: "ಅರ್ಜಿ ಬರೆದು ಕೊಡಿ, ನೋಡೋಣ."

ಪಟ್ಟಿಯಮ್ಮನ ಪಟ್ಟಿಗೆ ಒಂದು ಗುಟ್ಟಿದೆ. ಅದರಲ್ಲಿರುವ ಕೊನೆಯ ದಿನಾಂಕಗಳೆಲ್ಲ ಸುಳ್ಳು. ಅರ್ಜಿ ಹಾಕಲು ಹದಿನೈದನೇ ತಾರೀಖು ಕಡೆಯ ದಿನವಾದರೆ ಪಟ್ಟಿಯಲ್ಲಿ ಹದಿನಾಲ್ಕು ಎಂದಿರುತ್ತದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿ ಅರ್ಜಿಯ ಲಕೋಟೆ ಹಿಡಿದು ಓಡಿಬಂದಾಗ ಅಂಚೆ ಕಚೇರಿಯ ಕಿಟಕಿ ಆಗಷ್ಟೇ ಮುಚ್ಚಿತ್ತು. ಆತ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಇವರು ಕಣ್ಣಾರೆ ಕಂಡರು. ಮುಂದಿನ ಸೋಮವಾರದಿಂದ ಎಲ್ಲ ತಾರೀಖುಗಳೂ ಒಂದು ದಿನ ಹಿಂದಕ್ಕೆ ಬಂದವು.

ಗುಟ್ಟು ರಟ್ಟಾಗಲು ಒಂದು ವರ್ಷವೂ ಬೇಕಾಗಲಿಲ್ಲ. ಗೊತ್ತಾದ ಮೇಲೆ ಏನು ಪ್ರಯೋಜನ ಎಂದರೆ ಅವರು ನಗುತ್ತಾರೆ. "ಎಲ್ಲರ ಮನೇಲೂ ಗಡಿಯಾರ ಐದು ನಿಮಿಷ ಮುಂದೆ ಇಟ್ಟಿರ್ತಾರೆ. ಮುಂದಿದೆ ಅಂತ ಗೊತ್ತು. ಆದ್ರೂ ನೋಡಿ ಓಡ್ತೀವಲ್ಲ?"

ಆದರೆ ಕೆಲವು ಸಲ ನಿಜವಾದ ತಾರೀಖನ್ನೇ ಹಾಕಬೇಕಾಗುತ್ತಿತ್ತು. ಸಮಯ ತೀರಾ ಕಡಿಮೆ ಇದ್ದಾಗ ಅದರಲ್ಲೂ ಒಂದು ದಿನ ಕತ್ತರಿಸಿದರೆ ಜನ ಕೈಚೆಲ್ಲಿ ಕೂರುತ್ತಾರೆ. ಅಂಥ ಸಂದರ್ಭಕ್ಕೆಂದೇ ಇದ್ದವರು ವಿಭಾಗದ ಅಟೆಂಡರ್. ದೊಡ್ಡ ಗಂಟಲಿನ, ಕುಂಟುಗಾಲಿನ ಆ ಮನುಷ್ಯನನ್ನು ಎಲ್ಲರೂ 'ಡಂಗುರ' ಎನ್ನುತ್ತಿದ್ದರು, ಪಟ್ಟಿಯಮ್ಮ ಮಾತ್ರ 'ಅಣ್ಣ' ಎನ್ನುತ್ತಿದ್ದರು. ಪಟ್ಟಿಯ ಪ್ರತಿಗಳನ್ನು ಕಂಕುಳಲ್ಲಿಟ್ಟುಕೊಂಡು ಹನ್ನೊಂದು ಕಟ್ಟಡಗಳ ಮೆಟ್ಟಿಲು ಹತ್ತಿಳಿಯುತ್ತಿದ್ದರು. ಬಾಗಿಲಲ್ಲೇ ನಿಂತು, "ಸಾರ್, ಪಟ್ಟೀಲಿ ನಾಲ್ಕನೇದು ನಿಜವಾದ ತಾರೀಖು! ಅಮ್ಮಾವ್ರು ಕಿವಿಗೆ ಹಾಕಿ ಬಾ ಅಂದ್ರು" ಎಂದು ಕೂಗಿ ಹೋಗುತ್ತಿದ್ದರು. ಪಟ್ಟಿ ಎಂದರೆ ಕಾಗದದ ಮೇಲಿದ್ದದ್ದು ಅರ್ಧ, ಡಂಗುರದ ಬಾಯಲ್ಲಿದ್ದದ್ದು ಇನ್ನರ್ಧ. ಅದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಹಾಗೆ ನಡೆದುಕೊಂಡು ಬಂದದ್ದು.

ಸೋಂಕು ಹಬ್ಬಿದ ಮೊದಲ ತಿಂಗಳಲ್ಲೇ ನೆರವಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಇದ್ದಬದ್ದ ಹಣವೆಲ್ಲ ಹೊಸ ರೋಗದ ಕಡೆಗೆ ತಿರುಗಿತು. ಅದು ತಪ್ಪೆಂದು ಯಾರೂ ಹೇಳಲಾರರು. ಆದರೆ ಉಳಿದವರ ಪಾಡು? ಜೇಡಗಳನ್ನು ಅಧ್ಯಯನ ಮಾಡುವ ಪ್ರಾಧ್ಯಾಪಕರೊಬ್ಬರು ಫೋನ್ ಮಾಡಿ, "ಜೇಡನ ಬಲೆಯಿಂದ ಮಾಸ್ಕ್ ಮಾಡ್ತೀನಿ ಅಂತ ಬರೀಲಾಮ್ಮ?" ಎಂದು ಕೇಳಿದರಂತೆ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಪಟ್ಟಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬೇಡ ಸಾರ್, ನಿಮ್ಮ ಜೇಡಕ್ಕೇ ಬೇರೆ ಹುಡುಕ್ತೀನಿ" ಎಂದರು.

ಆ ದಿನಗಳಲ್ಲಿ ಅವರ ನಿದ್ದೆ ಕೆಡಿಸಿದ್ದು 'ಉಸಿರಿನ ಮೇಡಂ' ಅವರ ಕೆಲಸ. ಶ್ವಾಸಕೋಶದ ವೈದ್ಯೆಯಾದ ಅವರು ಊರಾಚೆಯ ಇಟ್ಟಿಗೆ ಗೂಡುಗಳ ಸುತ್ತ ವಾಸಿಸುವ ಇನ್ನೂರ ಹನ್ನೆರಡು ಮಕ್ಕಳ ಉಸಿರನ್ನು ಎಂಟು ವರ್ಷಗಳಿಂದ, ವರ್ಷಕ್ಕೊಮ್ಮೆ ಅಳೆಯುತ್ತಿದ್ದರು. ಪ್ರತಿ ಮಗುವೂ ಒಂದು ಕೊಳವೆಗೆ ಜೋರಾಗಿ ಊದಬೇಕು. ಅದರಿಂದ ಹಾಳೆಯ ಮೇಲೊಂದು ಚುಕ್ಕೆ ಬೀಳುತ್ತದೆ. ಎಂಟು ವರ್ಷಕ್ಕೆ ಎಂಟು ಚುಕ್ಕೆ. ಬಹುತೇಕ ಎಲ್ಲ ಮಕ್ಕಳ ಚುಕ್ಕೆಗಳೂ ಆ ವಯಸ್ಸಿಗೆ ಇರಬೇಕಾದ ಗೆರೆಯಿಂದ ವರ್ಷ ವರ್ಷವೂ ಕೆಳಗಿಳಿಯುತ್ತಿದ್ದವು.

ಒಂಬತ್ತನೆಯ ವರ್ಷ ಸೋಂಕಿನ ದೆಸೆಯಿಂದ ಗೂಡುಗಳು ಆರಿದವು. ಆ ಮಕ್ಕಳು ಹುಟ್ಟಿದ ಮೇಲೆ ಅಲ್ಲಿ ಮೊದಲ ಬಾರಿಗೆ ಹೊಗೆ ಇಲ್ಲ. ಹೊಗೆ ನಿಂತರೆ ಉಸಿರು ಸುಧಾರಿಸುತ್ತದೆಯೇ ಎಂದು ತಿಳಿಯಲು ಸಿಕ್ಕಿದ್ದು ಅದೊಂದೇ ಅವಕಾಶ. ಗೂಡುಗಳಿಗೆ ಮತ್ತೆ ಬೆಂಕಿ ಬೀಳುವ ಮುಂಚೆ ಅಳೆಯಬೇಕು. ಸರಿಯಾಗಿ ಅದೇ ಹೊತ್ತಿಗೆ ಮೇಡಂ ಅವರ ನೆರವು ನಿಂತುಹೋಯಿತು. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಮಾತು ಅವರಿಗೆ ಹೇಳಿ ಮಾಡಿಸಿದಂತಿತ್ತು. "ಮುಂದಿನ ವರ್ಷ ನೋಡೋಣ ಅಂದ್ರು ಎಲ್ಲರೂ. ಮಕ್ಕಳು ನಮಗೋಸ್ಕರ ಬೆಳೆಯೋದು ನಿಲ್ಲಿಸ್ತಾರಾ? ಗೂಡಿನೋರು ನಮಗೋಸ್ಕರ ಕಾಯ್ತಾರಾ?" ಎಂದು ಮೇಡಂ ಇವತ್ತಿಗೂ ದನಿ ಏರಿಸುತ್ತಾರೆ.

ಅರ್ಧಕ್ಕೆ ನಿಂತ ಅಧ್ಯಯನಗಳಿಗೆ ತುರ್ತು ನೆರವು ಕೊಡುವ ಪ್ರಕಟಣೆಯೊಂದು ಪಟ್ಟಿಯಮ್ಮನ ಕಣ್ಣಿಗೆ ಬಿತ್ತು. ಅರ್ಜಿಗೆ ಬರೀ ಐದು ದಿನ, ಶುಕ್ರವಾರವೇ ಕೊನೆ. ಮೇಡಂ ಅವರ ಮನೆಯಲ್ಲಿ ಅತ್ತೆಗೆ ಸೋಂಕು ತಗುಲಿತ್ತು. ಐದರಲ್ಲಿ ಒಂದು ದಿನ ಕಡಿಮೆ ಮಾಡಲು ಇವರಿಗೆ ಮನಸ್ಸು ಬರಲಿಲ್ಲ. ಶುಕ್ರವಾರ ಎಂದೇ ಟೈಪ್ ಮಾಡಿ ನೂರ ನಲವತ್ತಾರು ಜನಕ್ಕೆ ಇಮೇಲ್ ಕಳಿಸಿದರು. ಇದು ನಿಜವಾದ ತಾರೀಖು ಎಂದು ಕೂಗಿ ಹೇಳಬೇಕಾದ ಡಂಗುರ ಆ ಹೊತ್ತಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದರು.

"ಪಟ್ಟೀಲಿ ಶುಕ್ರವಾರ ಅಂತಿತ್ತು. ಹಾಗಂದ್ರೆ ಶನಿವಾರ ಅಂತಾನೇ ಅರ್ಥ, ಯಾವತ್ತೂ ಹಾಗೇ ತಾನೆ? ಶನಿವಾರ ಬೆಳಿಗ್ಗೆ ಕಳಿಸೋಕೆ ಕೂತ್ರೆ ಅವಧಿ ಮುಗಿದಿದೆ ಅಂತ ಬಂತು" ಎನ್ನುತ್ತಾರೆ ಮೇಡಂ. ಆ ಬೆಳಿಗ್ಗೆ ಅವರು ಪಟ್ಟಿಯಮ್ಮನಿಗೆ ಫೋನ್ ಮಾಡಿದರು. ಬೈಯಲಿಲ್ಲ. ಶುಕ್ರವಾರ ಅನ್ನೋದು ನಿಜವಾದ ತಾರೀಖಾಗಿತ್ತಾ ಎಂದಷ್ಟೇ ಕೇಳಿದರು.

ಈ ಭಾಗವನ್ನು ಹೇಳುವಾಗ ಪಟ್ಟಿಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ, ಅದರಲ್ಲಿ ಧೂಳೇನೂ ಇರುವುದಿಲ್ಲ. "ಮೂವತ್ತು ವರ್ಷ ಸುಳ್ಳು ಹಾಕ್ದೆ, ಯಾರಿಗೂ ಕೆಟ್ಟದ್ದಾಗ್ಲಿಲ್ಲ. ಒಂದು ಸಲ ಹೇಳಿಕಳಿಸ್ದೆ ನಿಜ ಹಾಕ್ದೆ, ನೋಡಿ. ಪಟ್ಟಿ ಹೋಯ್ತು, ಅಣ್ಣನ ಬಾಯಿ ಹೋಗ್ಲಿಲ್ಲ. ಅಣ್ಣ ಇಲ್ಲ ಅಂತ ನಂಗೆ ಗೊತ್ತಿತ್ತಲ್ಲ? ನಾನೇ ಒಂದು ಫೋನ್ ಮಾಡ್ಬಹುದಿತ್ತಲ್ಲ? ಹೊಳೀಲೇ ಇಲ್ಲ."

ಹನ್ನೆರಡು ದಿನಗಳ ನಂತರ ಡಂಗುರ ತೀರಿಕೊಂಡರು. ಮಣ್ಣಿಗೆ ಹೋಗಲು ಯಾರಿಗೂ ಅವಕಾಶವಿರಲಿಲ್ಲ. ಮುಂದಿನ ಸೋಮವಾರವೂ ಪಟ್ಟಿ ಹೋಯಿತು.

ಆಮೇಲಿನ ಐದು ವಾರ ಅವರು ಅರವತ್ಮೂರು ತಾಣಗಳಿಗೇ ನಿಲ್ಲಲಿಲ್ಲ. ಕಾರ್ಮಿಕ ಸಂಘಗಳು, ಹಳೆಯ ವಿದ್ಯಾರ್ಥಿಗಳ ಕೂಟಗಳು, ಯಾವುದೋ ಕಾಲದ ಪುಣ್ಯಾತ್ಮರು ಬರೆದಿಟ್ಟು ಹೋದ ದತ್ತಿಗಳು, ಒಂದನ್ನೂ ಬಿಡಲಿಲ್ಲ. ಗೂಡುಗಳ ಹತ್ತಿರವಿದ್ದ ಕ್ಷೇತ್ರ ಕಾರ್ಯಕರ್ತೆಯೊಬ್ಬಳಿಂದ ಸುದ್ದಿಯೂ ಬರುತ್ತಿತ್ತು: ಕಲ್ಲಿದ್ದಲ ಲಾರಿ ಬಂದಿದೆ, ಚಿಮಣಿ ರಿಪೇರಿ ಆಗುತ್ತಿದೆ. ಒಂದು ಬೆಳಿಗ್ಗೆ ಗಾಜಿನ ಕಾರ್ಖಾನೆಯ ಕಾರ್ಮಿಕರ ನಿಧಿಯೊಂದರ ಪ್ರಕಟಣೆ ಸಿಕ್ಕಿತು. ಶೀರ್ಷಿಕೆಯಲ್ಲಿ ದಪ್ಪಕ್ಷರದಲ್ಲಿ ಸೋಂಕಿನ ಹೆಸರು. ಬೇರೆ ಯಾರೇ ಆದರೂ ನಮಗಲ್ಲ ಎಂದು ಮುಚ್ಚುತ್ತಿದ್ದರು. ಇವರು ಎಂದಿನಂತೆ ಬುಡದಿಂದ ಓದಿದರು. ಯಾರಿಗೆ ಇಲ್ಲ ಎಂಬ ಪಟ್ಟಿಯ ಕಡೆಯ ಸಾಲು ಹೀಗಿತ್ತು: ಸೋಂಕು ಬಂದ ನಂತರ ಆರಂಭವಾದ ಅಧ್ಯಯನಗಳಿಗೆ ಈ ನೆರವು ಇಲ್ಲ.

"ಅಂದ್ರೆ ಮುಂಚೆ ಶುರುವಾದವಕ್ಕೆ ಮಾತ್ರ ಅಂತಾಯ್ತಲ್ಲ! ಚಹಾ ಲೋಟ ಹಾಗೇ ಕೆಳಗಿಟ್ಟೆ" ಎನ್ನುವಾಗ ಅವರ ಮುಖ ಈಗಲೂ ಅರಳುತ್ತದೆ. ಆ ದಿನ ಪಟ್ಟಿಗೆ ಕಾಯಲಿಲ್ಲ. ಬೆಳಗಿನ ಆರೂವರೆಗೇ ಮೇಡಂಗೆ ಫೋನ್ ಹಚ್ಚಿದರು. "ಮೇಡಂ, ಒಂಬತ್ತು ದಿನ ಇದೆ. ಇದು ನಿಜವಾದ ತಾರೀಖು. ನನ್ನ ಸುಳ್ಳಿನ ಲೆಕ್ಕ ಹಾಕ್ಬೇಡಿ. ನಿಜ, ನಿಜ, ನಿಜ" ಎಂದು ಮೂರು ಸಲ ಹೇಳಿದರಂತೆ. ಒಲೆಯ ಮುಂದಿದ್ದ ಗಂಡ, ಇವಳು ಯಾರ ಮೇಲೆ ಆಣೆ ಇಡುತ್ತಿದ್ದಾಳೆ ಎಂದು ಗಾಬರಿಯಾದರು.

ಮೇಡಂ ಆರನೇ ದಿನಕ್ಕೇ ಅರ್ಜಿ ಕಳಿಸಿದರು. ಮೂರು ವಾರಕ್ಕೆ ಒಪ್ಪಿಗೆ ಬಂತು. ಶಾಲೆಯ ಅಂಗಳದಲ್ಲಿ, ಬಯಲಲ್ಲಿ, ಆರಾರು ಅಡಿ ದೂರದಲ್ಲಿ ಹಾಕಿದ ಸ್ಟೂಲುಗಳ ಮೇಲೆ ಮಕ್ಕಳನ್ನು ಕೂರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕೊಳವೆ ಕೊಟ್ಟು ಊದಿಸಿದರು. ಇನ್ನೂರ ಹನ್ನೆರಡರಲ್ಲಿ ನೂರ ತೊಂಬತ್ತೊಂದು ಮಕ್ಕಳು ಬಂದರು. ಉಳಿದವರ ಮನೆಗಳಲ್ಲಿ ಕಾಯಿಲೆಯಿತ್ತು, ಸಾವಿತ್ತು, ಕೆಲವರು ಎಲ್ಲಿ ಹೋದರೆಂದೇ ತಿಳಿಯಲಿಲ್ಲ. ಕೊನೆಯ ಮಗು ಊದಿ ಎದ್ದ ಒಂಬತ್ತನೆಯ ದಿನ ಮೊದಲ ಗೂಡಿನಿಂದ ಹೊಗೆ ಎದ್ದಿತು.

ಆ ವರ್ಷದ ಚುಕ್ಕೆಗಳು ಮೇಲೆ ಹೋಗಿದ್ದವು. ತುಸುವೇ. ಆದರೆ ಒಂಬತ್ತು ವರ್ಷದಲ್ಲಿ ಮೊದಲ ಸಲ. ಗೂಡುಗಳನ್ನು ಊರಿನಿಂದ ದೂರಕ್ಕೆ ಸಾಗಿಸಬೇಕೆಂಬ ವಾದಕ್ಕೆ ಈಗ ಆ ಹಾಳೆಯೇ ಸಾಕ್ಷಿ. ಮೇಡಂ ಅದರದೊಂದು ಪ್ರತಿ ಕಳಿಸಿದ್ದಾರೆ. ಪಟ್ಟಿಯಮ್ಮ ಅದನ್ನು ಅಡುಗೆಮನೆಯ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ, ಸಕ್ಕರೆ ಡಬ್ಬಿ ತೆಗೆಯುವಾಗೆಲ್ಲ ಕಾಣುವಂತೆ. ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲುಗಳಲ್ಲಿ ಕಾರ್ಮಿಕರ ನಿಧಿಯ ಹೆಸರಿದೆ, ಸಂಶೋಧನಾ ವಿಭಾಗಕ್ಕೂ ಒಂದು ವಂದನೆ ಇದೆ. ಗುಮಾಸ್ತೆಯ ಹೆಸರಿಲ್ಲ. ಅದನ್ನು ನೆನಪಿಸಿದರೆ ಮೂಗು ಮುರಿಯುತ್ತಾರೆ. "ವಿಭಾಗ ಅಂದ್ರೆ ಮತ್ತೆ ಯಾರು? ನಾನು, ಅಣ್ಣ, ಒಂದು ಫ್ಯಾನು."

ಗಡಿಯಾರ ಆರೂ ಇಪ್ಪತ್ತೈದು ತೋರಿಸುತ್ತಿದೆ. ಇನ್ನು ಫೋನಿನ ಸಮಯ. ಅಣ್ಣ ಹೋದ ಮೇಲೆ ಅವರ ಕೆಲಸವೂ ಇವರ ಪಾಲಿಗೇ ಬಂದಿದೆ. ಎಂಟು ಗಂಟೆಯೊಳಗೆ ಹದಿನೈದರಿಂದ ಇಪ್ಪತ್ತು ಜನಕ್ಕೆ ಕರೆ ಮಾಡಿ, ಯಾವುದು ಯಾರಿಗೆ ಹೊಂದುತ್ತದೆ, ಯಾವ ತಾರೀಖು ನಿಜ ಎಂದು ಬಾಯಿಬಿಟ್ಟು ಹೇಳುತ್ತಾರೆ. ಇದಕ್ಕೆ ಸಂಬಳವಿಲ್ಲ, ಆದೇಶವೂ ಇಲ್ಲ. ಇಷ್ಟು ಬೆಳಿಗ್ಗೆ ಯಾಕಮ್ಮ ಎಂದು ಗೊಣಗುವ ಪ್ರಾಧ್ಯಾಪಕರೂ ಇದ್ದಾರೆ. ಜೇಡದ ಪ್ರಾಧ್ಯಾಪಕರಂತೂ ಮೊದಲ ರಿಂಗಿಗೇ ಎತ್ತುತ್ತಾರೆ. ಅವರಿಗೆ ಇನ್ನೂ ಏನೂ ಸಿಕ್ಕಿಲ್ಲ.

ಇನ್ನು ಹತ್ತು ತಿಂಗಳಿಗೆ ಪಟ್ಟಿಯಮ್ಮ ನಿವೃತ್ತರಾಗುತ್ತಾರೆ. ಆಮೇಲೆ ಪಟ್ಟಿಯನ್ನು ಕಂಪ್ಯೂಟರೇ ತಯಾರಿಸಿ ಕಳಿಸುತ್ತದೆಂದು ವಿಶ್ವವಿದ್ಯಾಲಯ ತೀರ್ಮಾನಿಸಿದೆ. ಡಂಗುರದ ಹುದ್ದೆಯನ್ನು ಅವರು ಸತ್ತ ಆರು ತಿಂಗಳಿಗೇ ರದ್ದು ಮಾಡಿದೆ. ಆಡಳಿತ ಕಚೇರಿಗೆ ಪಟ್ಟಿಯಮ್ಮ ಬರೆದ ಎರಡು ಪತ್ರಗಳಿಗೂ ಉತ್ತರ ಬಂದಿಲ್ಲ. ಮೂರನೆಯದು ನೋಟ್‌ಬುಕ್ಕಿನ ನಡುವೆ ಮಡಿಸಿಟ್ಟಿದೆ, ಅದರಲ್ಲಿಯೂ ಅದೇ ಬೇಡಿಕೆ. ತಮಗೇನು ಬೇಕೆಂದು ಕೇಳಿದರೆ ಅದನ್ನು ತೆಗೆದು ಮೇಜಿನ ಮೇಲಿಡುತ್ತಾರೆ.

"ನನ್ನ ಜಾಗಕ್ಕೆ ಕಂಪ್ಯೂಟರ್ ಬರ್ಲಿ, ಬೇಜಾರಿಲ್ಲ. ನನಗಿಂತ ಬೇಗ ಓದುತ್ತೆ, ತಾರೀಖೂ ಸರಿಯಾಗಿ ಹಾಕುತ್ತೆ. ಅಣ್ಣನ ಜಾಗಕ್ಕೆ ಮಾತ್ರ ಒಬ್ಬ ಮನುಷ್ಯನ್ನ ಹಾಕಿ ಅಂತ ಕೇಳ್ಕೊಂಡಿದೀನಿ. ಬಾಗಿಲಿಗೆ ಹೋಗಿ ಹೇಳೋರು ಒಬ್ರು ಬೇಕು."

ಪತ್ರ ಮತ್ತೆ ನೋಟ್‌ಬುಕ್ಕಿನೊಳಗೆ ಸೇರುತ್ತದೆ. ಅವರು ಫೋನ್ ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮೊದಲ ಹೆಸರಿನ ಮುಂದೆ ಬೆರಳಿಡುತ್ತಾರೆ. ಆಚೆ ಕಡೆ ಯಾರೋ ನಿದ್ದೆಗಣ್ಣಲ್ಲಿ ಹಲೋ ಎನ್ನುತ್ತಾರೆ.

"ಸಾರ್, ಏಳಿ. ನಾಲ್ಕನೇದು ನಿಜವಾದ ತಾರೀಖು."