ಸ್ವಂತ ಹೊಲದಲ್ಲಿ ಊಟಕ್ಕೆ ಕಾದದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಕೇಳದವರಿಗೂ ಹೇಳುವ ಚಟ ನನಗಿದೆ. ಬಾಗೂರಿನ ಕಡೆ ಕುರಿ ಕಾಯುತ್ತಲೇ ಓದಿ, ಚಿತ್ರದುರ್ಗದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರಾದೆ. ಹೂಡಿಕೆಯ ಪಾಠವನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ಕೊನೆಗೆ ಅದನ್ನು ನಾನೇ ನಂಬಿಬಿಟ್ಟೆ.

ರೈತರಲ್ಲದವರೂ ಹೊಲ ಕೊಳ್ಳಬಹುದು ಎಂದಾದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಬ್ಬರು ಹೊಳಲ್ಕೆರೆ ಕಡೆ ಕೊಂಡರು, ಇನ್ನೊಬ್ಬರು ಹೊಸದುರ್ಗದ ಕಡೆ. ನಾನು ಹಿಂದೆ ಬೀಳಬಾರದಲ್ಲ! ಹಿರಿಯೂರು ದಾಟಿ, ಆದಿವಾಲದ ಹತ್ತಿರ ಎರಡು ಎಕರೆ ಹಿಡಿದೆ. ದಲ್ಲಾಳಿ ಧೈರ್ಯ ಹೇಳಿದ್ದ: "ಸಾರ್, ಉಳೋದು ಬಿತ್ತೋದು ಏನೂ ಬ್ಯಾಡ. ಬೇಲಿ ಹಾಕಿ ಸುಮ್ನೆ ಬಿಡ್ರಿ. ರೇಟು ತಾನೇ ಬೆಳಿತೈತೆ."

ನನಗೆ ರೇಟಿಗಿಂತ ದೊಡ್ಡ ಆಸೆಯೊಂದಿತ್ತು. ಅಪ್ಪ ಜೀವಮಾನವೆಲ್ಲ ಬೇರೆಯವರ ಹೊಲಗಳಲ್ಲಿ ಮಲಗಿದವನು. ಸುಗ್ಗಿ ಮುಗಿದ ಮೇಲೆ ಹೊಲದವರು ಬಂದು ಕರೆಯುತ್ತಾರೆ. ಗೊಬ್ಬರಕ್ಕಾಗಿ ರಾತ್ರಿ ಅಲ್ಲಿ ಕುರಿ ನಿಲ್ಲಿಸಬೇಕು, ಅವರು ಊಟ ತಂದು ಬಡಿಸುತ್ತಾರೆ. ಒಂದು ರಾತ್ರಿಯಾದರೂ ಅಪ್ಪ ನಮ್ಮದೇ ನೆಲದಲ್ಲಿ ಮಂದೆ ನಿಲ್ಲಿಸಿ "ಇದು ನಮ್ದು" ಎನ್ನಬೇಕು. ಅದೊಂದು ಮಾತು ಅವನ ಬಾಯಿಂದ ಕೇಳಬೇಕಿತ್ತು.

ಫೋನ್ ಮಾಡಿದೆ.

"ಅಪ್ಪಾ, ಈ ಸಲ ನಮ್ಮ ಹೊಲಕ್ಕೆ ಮಂದೆ ಹೊಡ್ಕಂಡು ಬಾ."

"ಏನು ಬಿತ್ತೀಯ?"

"ಏನೂ ಇಲ್ಲ."

"ಹಂಗಾದ್ರೆ ಗೊಬ್ರ ಯಾರಿಗಲೇ? ತಂತಿ ಬೇಲಿಗಾ?"

ಬೈದುಕೊಂಡೇ ಬಂದ. ಜೊತೆಗೆ ಅಣ್ಣ. ನಾನು ಇಸ್ತ್ರಿ ಅಂಗಿ ತೊಟ್ಟು, ಬೈಕಿನಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದೆ. ಕುರಿಗಳು ಸುತ್ತ ಕಟ್ಟಿದ ಬಲೆಯೊಳಗೆ ಸೇರಿದವು. "ಹೆಂಗೈತಪ್ಪ ನಮ್ಮ ಹೊಲ?" ಎಂದೆ. ಅಪ್ಪ ಸುತ್ತ ನೋಡಿ "ಹೂಂ, ಕಲ್ಲು ಕಮ್ಮಿ" ಎಂದು ಕೈಕಾಲು ತೊಳೆದು ಕುಳಿತ. ಪಕ್ಕದಲ್ಲಿ ಅಣ್ಣ. ಅಣ್ಣನ ಪಕ್ಕದಲ್ಲಿ ನಾನು.

ಕುರಿ ಕಥೆ, ಊರ ಕಥೆ ಎಲ್ಲ ಆಯಿತು. ಕತ್ತಲಾಗುತ್ತಾ ಬಂತು. ಅಣ್ಣ ರಸ್ತೆ ಕಡೆ ನೋಡಿದ. ನಾನೂ ನೋಡಿದೆ. ಹೊಟ್ಟೆ ಚುರುಗುಟ್ಟಿತು.

"ಇನ್ನೂ ಊಟ ಬರ್ಲಿಲ್ವಲ್ಲ," ಎಂದೆ. "ಎಂಥ ಜನಪ್ಪ ಈ ಹೊಲದೋರು!"

ಅಣ್ಣ ನನ್ನನ್ನೇ ದಿಟ್ಟಿಸಿದ. "ಲೇ ಮೇಷ್ಟ್ರೇ, ಹೊಲ ಯಾರ್ದೋ?"

ಆಮೇಲೆ ಅವನು ನೆಲದ ಮೇಲೆ ಬಿದ್ದು ಹೊರಳಾಡಿದ. ಕುರಿಗಳೂ ಬೆಚ್ಚಿದವು. ಅಪ್ಪ ಮಾತ್ರ ನಗಲಿಲ್ಲ. ಹೊಲದವರ ಮುಂದೆ ಮಾತಾಡುತ್ತಿದ್ದ ಅದೇ ವಿನಯದಲ್ಲಿ, "ಯಜಮಾನ್ರೇ, ಎದ್ದೇಳ್ರಿ, ಹಸಿವಾಗೈತೆ" ಎಂದ.

ಯಜಮಾನರು ಬೈಕೇರಿ ಹೆದ್ದಾರಿ ಹೋಟೆಲಿಗೆ ಓಡಿದರು. ಸಿಕ್ಕಿದ್ದು ಅನ್ನ, ಸಾಂಬಾರು. ತಂದು ಇಳಿಸಿ, ಅಭ್ಯಾಸಬಲದಿಂದ ಮತ್ತೆ ಸಾಲಿನಲ್ಲಿ ಕೂರಹೋದೆ.

"ಹೊಲದೋರು ಉಣ್ಣೋದು ಕೊನೀಗೆ," ಎಂದ ಅಣ್ಣ, ತಟ್ಟೆ ಮುಂದಿಟ್ಟುಕೊಂಡು.

ಬಗ್ಗಿ ಬಡಿಸಿದೆ. ಅಂಗಿಯ ತೋಳಿಗೆ ಸಾಂಬಾರು ಹತ್ತಿತು. ಸ್ವಲ್ಪ ಹೊತ್ತಿಗೆ ಅಪ್ಪನನ್ನು ಕೇಳಿದೆ, "ಇನ್ನೊಂಚೂರು ಅನ್ನ?"

"ಸಾಕ್ರಿ," ಎಂದ ತಟ್ಟೆಗೆ ಕೈ ಅಡ್ಡ ಹಿಡಿದು. ನಾನು ಓದಿದವನು, ಸಾಕೆಂದರೆ ಸಾಕು ಎಂದು ಪೊಟ್ಟಣ ಸುತ್ತಿದೆ.

"ಏನ್ರಿ," ಎಂದ ಅಪ್ಪ, "ಸಾಕು ಅಂದ್ರೆ ಸುತ್ತಿಟ್ಟೇ ಬಿಡೋದಾ? ಇನ್ನೊಂದ್ಸಲ ಕೇಳ್ಬೇಕ್ರಿ!"

ಕೇಳಿದೆ. ಅಪ್ಪ ತಟ್ಟೆ ಮುಂದೆ ಮಾಡಿ, ಧಾರಾಳವಾಗಿ ಹಾಕಿಸಿಕೊಂಡ. ಅಣ್ಣನ ಕಡೆ ತಿರುಗಿ, ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ: "ಈ ಸಲ ಹೊಲದೋರು ಪರ್ವಾಗಿಲ್ಲ ಕಣೋ. ಹೊಸಬ್ರು, ಕಲೀತಾರೆ."

"ಇದು ನಮ್ದು" ಎಂಬ ಮಾತು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಪೊಟ್ಟಣದ ತಳದಲ್ಲಿ ಉಳಿದಿದ್ದನ್ನು ಕೆರೆದುಕೊಂಡು, ಹೊಲದವನಾಗಿ ನಿಂತೇ ಉಂಡೆ.